ಡ್ರೈವರ್ ಇಲ್ಲದ ಪ್ರಿಂಟರು

ಜರಗನಹಳ್ಳಿಯ ಚಿಕ್ಕಬೈರಪ್ಪನವರು ಯಾವುದನ್ನೂ ಎಸೆಯುವ ಜಾಯಮಾನದವರಲ್ಲ. ಮನೆ ಕಟ್ಟಿಸಿದ ವರ್ಷ ತಂದ ಕಂಪ್ಯೂಟರು ಇವತ್ತಿಗೂ ನಡುಮನೆಯ ಮೂಲೆಯಲ್ಲಿ ಪಟ್ಟದ ಮೇಲಿತ್ತು. ಅದರ ಡಬ್ಬದಂಥ ಮಾನಿಟರಿಗೆ ವರ್ಷಾವರ್ಷ ಆಯುಧಪೂಜೆಯ ಕುಂಕುಮವೂ ಸಲ್ಲುತ್ತಿತ್ತು. (ಅದು ಆನ್ ಆಗುವುದೇ ಆ ಕುಂಕುಮದ ಬಲದಿಂದ ಎಂಬುದು ಹೆಂಡತಿ ಮಂಗಮ್ಮನವರ ಅಭಿಪ್ರಾಯ.)

ಈಗ ಮಹಡಿ ಮನೆ ಖಾಲಿ. ಆಷಾಢಕ್ಕೆ ನಾಲ್ಕೇ ದಿನ. ಆಷಾಢದಲ್ಲಿ ಹಾಲುಕ್ಕಿಸಿ ಬಾಡಿಗೆಗೆ ಬರುವ ಧೀರರು ಯಾರಿದ್ದಾರೆ? ಇವತ್ತೇ ಬೋರ್ಡು ಬೀಳದಿದ್ದರೆ ಇನ್ನೊಂದು ತಿಂಗಳು ಮಹಡಿಯಲ್ಲಿ ಪಾರಿವಾಳಗಳದ್ದೇ ಸಂಸಾರ.

“ಒಂದು ರಟ್ಟಿನ ಮೇಲೆ ಬರೆದು ನೇತುಹಾಕ್ರೀ,” ಎಂದರು ಮಂಗಮ್ಮ.

“ಕೈಬರಹ ನೋಡ್ಕೊಂಡು ಬರೋರೆಲ್ಲ ಕೈ ಕೊಡೋರೇ. ಪ್ರಿಂಟಾದ್ರೆ ಅದ್ರ ಗತ್ತೇ ಬೇರೆ.”

ಗತ್ತಿಗೆಂದೇ ಬೈರಪ್ಪನವರು ಜಯನಗರದಿಂದ ಹೊಚ್ಚಹೊಸ ಪ್ರಿಂಟರನ್ನು ಮನೆದುಂಬಿಸಿಕೊಂಡಿದ್ದರು. ಆದರೆ ಜಾತಕ ಕೂಡಲಿಲ್ಲ. ಕಂಪ್ಯೂಟರು ಪ್ರಿಂಟರಿನ ಮುಖವನ್ನೇ ಗುರುತಿಸಲಿಲ್ಲ. ಬೆಳಗಿನಿಂದ ವೈರು ಕಿತ್ತರು, ಚುಚ್ಚಿದರು, ಊದಿದರು, ಕೊನೆಗೆ ಕಂಪ್ಯೂಟರಿನ ನೆತ್ತಿಯ ಮೇಲೊಂದು ತಟ್ಟಿದ್ದೂ ಆಯಿತು. ಸಿ.ಡಿ. ಹಾಕಲು ಹೊರಗೆಳೆದ ತಟ್ಟೆ ಒಳಗೆ ಹೋಗದೆ, ಭಿಕ್ಷೆಗೆ ಕೈಚಾಚಿದಂತೆ ನಿಂತುಬಿಟ್ಟಿತು.

“ಏನಂತೆ ಅದಕ್ಕೆ?” ಅಡುಗೆಮನೆಯಿಂದ ಮಂಗಮ್ಮನವರ ದನಿ.

“ಡ್ರೈವರ್ ಇಲ್ವಂತೆ.” (ಪ್ರಿಂಟರಿಗೂ ಕಂಪ್ಯೂಟರಿಗೂ ಮಾತುಕತೆ ನಡೆಸಿಕೊಡುವ ಸಾಫ್ಟ್‌ವೇರಿಗೆ ಆ ಹೆಸರು. ಇಷ್ಟು ಹಳೆಯ ಕಂಪ್ಯೂಟರಿಗೆ ಅದನ್ನು ಮಾಡಿಕೊಡುವ ದಡ್ಡರು ಲೋಕದಲ್ಲಿ ಉಳಿದಿರಲಿಲ್ಲ.)

“ಅಷ್ಟೇ ತಾನೆ? ಯಲ್ಲಯ್ಯಂಗೆ ಫೋನ್ ಮಾಡ್ತೀನಿ.”

“ಲೇ, ಇದು ಕಾರ್ ಓಡ್ಸೋ ಡ್ರೈವರ್ ಅಲ್ಲ ಕಣೇ. ಗೊತ್ತಿಲ್ದಿದ್ರೆ ಸುಮ್ನಿರು.”

ಸುಮ್ಮನಿರುವ ಅಭ್ಯಾಸ ಮಂಗಮ್ಮನವರಿಗಿರಲಿಲ್ಲ. ಅರ್ಧ ಗಂಟೆಯಲ್ಲಿ, ಮದುವೆ ಮುಂಜಿಗೆ ಇವರ ಕಾರು ಓಡಿಸುವ ಯಲ್ಲಯ್ಯ ಬಂದು ನಿಂತ. ಪ್ರಿಂಟರನ್ನು ಒಂದು ಸುತ್ತು ನೋಡಿದ.

“ಸಾರ್, ಇದಕ್ಕೆ ಕಂಪ್ಯೂಟರೇ ಬೇಡ, ಮೊಬೈಲಿಂದ್ಲೇ ಬರುತ್ತೆ. ನೀವು ಟೈಪ್ ಮಾಡಿರೋದು ಸ್ಕ್ರೀನಲ್ಲಿದ್ಯಲ್ಲ, ಒಂದು ಫೋಟೊ ಹೊಡೀತೀನಿ.”

ಬೈರಪ್ಪನವರು ಮುಖ ಸಿಂಡರಿಸಿಕೊಂಡು, ಎಲ್ಲ ತಮ್ಮ ಉಸ್ತುವಾರಿಯಲ್ಲೇ ನಡೆಯುತ್ತಿದೆಯೆಂಬಂತೆ ಅವನ ಭುಜದ ಮೇಲಿಂದ ಪರದೆಗೆ ಇಣುಕಿದರು. ಫ್ಲ್ಯಾಶ್ ಮಿಂಚಿತು. ನಿಮಿಷದೊಳಗೆ ಪ್ರಿಂಟರು ಕಾಗದ ಕಕ್ಕಿತು.

“ನಾನಾಗ್ಲೇ ಹೇಳ್ಲಿಲ್ವಾ, ಡ್ರೈವರ್ ಬಂದ್ರೆ ಸರಿಹೋಗುತ್ತೆ ಅಂತ,” ಎಂದರು ಮಂಗಮ್ಮ.

ಬೈರಪ್ಪನವರಿಗೆ ಮೈಯೆಲ್ಲ ಉರಿದುಹೋಯಿತು. ಕನ್ನಡಕ ಹಾಕುವ ವ್ಯವಧಾನವೂ ಇಲ್ಲದೆ ಕಾಗದ ಕಿತ್ತುಕೊಂಡು ಹೋಗಿ ಗೇಟಿಗೆ ಅಂಟಿಸಿ ಬಂದರು.

ಗಂಟೆಯೊಳಗೆ ಫೋನು. ಎತ್ತಿದವರು ಮಂಗಮ್ಮ. ಬಿಟಿಎಂ ಲೇಔಟಿನ ಹೆಣ್ಣುಮಗಳೊಬ್ಬಳು ಬಹಳ ವಿನಯದಿಂದ ಕೇಳಿದಳು: “ಆಂಟಿ, ಗೇಟಲ್ಲಿ ಬೋರ್ಡ್ ನೋಡ್ದೆ. ಬಾಡಿಗೆಗಿರೋದು ಮನೇನಾ, ಅಂಕಲ್ಲಾ?”

ಮಂಗಮ್ಮ ಫೋನು ಹಿಡಿದೇ ಗೇಟಿಗೆ ಹೋದರು. ಪರದೆಯ ಗಾಜಿನಲ್ಲಿ ಮೂಡಿದ್ದ ಯಜಮಾನರ ಸಿಡುಕು ಮುಖ ಕಾಗದದ ಮೇಲ್ಭಾಗದಲ್ಲಿ ವಿರಾಜಮಾನವಾಗಿತ್ತು. ‘ಮನೆ’ ಎಂಬ ಪದವನ್ನು ಫ್ಲ್ಯಾಶಿನ ಬೆಳಕು ನುಂಗಿ ಹಾಕಿತ್ತು. ಮುಖದ ಕೆಳಗೆ, ಫೋನ್ ನಂಬರಿನ ಮೇಲೆ, ದಪ್ಪಕ್ಷರದಲ್ಲಿ ಉಳಿದದ್ದು ಇಷ್ಟು: ‘ಬಾಡಿಗೆಗೆ ಇದೆ. ಸಣ್ಣ ಕುಟುಂಬಕ್ಕೆ ಮಾತ್ರ.’

ಮಂಗಮ್ಮ ಫೋನನ್ನು ಮತ್ತೆ ಕಿವಿಗಿಟ್ಟರು.

“ಅಡ್ವಾನ್ಸ್ ಏನೂ ಬೇಡಮ್ಮ, ಆಷಾಢ ಬರೋದ್ರೊಳಗೆ ಕರ್ಕೊಂಡ್ ಹೋಗು. ಜೊತೆಗೊಂದು ಹಳೇ ಕಂಪ್ಯೂಟರ್ ಬರುತ್ತೆ, ಅದನ್ನ ಬಿಟ್ಟು ಇವ್ರು ಇರಲ್ಲ.”