ಏರಿದರೆ ನಿಮ್ಮದು, ಇಳಿದರೆ ನನ್ನದು

ದೆವ್ವಕ್ಕೆ ನಾನು ಹೆದರುವವನಲ್ಲ, ತಾಮ್ರದ ರೇಟಿಗೆ ಹೆದರುತ್ತೇನೆ. ದೆವ್ವ ಕಂಡವರು ಕಡಿಮೆ. ರೇಟು ಏರಿ ವರ್ಕ್‌ಶಾಪುಗಳು ಬಾಗಿಲು ಹಾಕಿದ್ದನ್ನು ಕಾಮಾಕ್ಷಿಪಾಳ್ಯದ ನಮ್ಮ ಬೀದಿಯಲ್ಲಿ ಎಲ್ಲರೂ ಕಂಡಿದ್ದಾರೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮೋಟಾರಿಗೆ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಕೆಲಸ ಕಲಿತವನು ನಾನು. ಸುಟ್ಟ ಮೋಟಾರನ್ನು ಮೂಸಿ ನೋಡಿಯೇ ಕಾರಣ ಹೇಳುತ್ತೇನೆ. ಈ ಮಾತನ್ನು ಕೇಳದವರಿಗೂ ಹೇಳುತ್ತಿರುತ್ತೇನೆ.

ಈ ಸಲ ಬಸವೇಶ್ವರನಗರದ ಅಪಾರ್ಟ್‌ಮೆಂಟುಗಳ ಸುಟ್ಟ ಪಂಪುಗಳಿಗೆ ವರ್ಷವಿಡೀ ಒಂದೇ ದರಕ್ಕೆ ತಂತಿ ಸುತ್ತಿಕೊಡಲು ಒಪ್ಪಿಕೊಂಡೆ. ತಾಮ್ರ ಏರಿದರೆ ವರ್ಕ್‌ಶಾಪೇ ಮುಳುಗುತ್ತಿತ್ತು. ಹಾಗಾಗಿ ಎದುರಿನ ತಂತಿ ಅಂಗಡಿಯ ರುದ್ರಣ್ಣನವರ ಜೊತೆ ನಾನೇ ಒಂದು ಕರಾರು ಹೊಸೆದೆ: ವರ್ಷಪೂರ್ತಿ ಇವತ್ತಿನ ರೇಟೇ. ಏರಿದರೆ ನಷ್ಟ ಅವರದು, ಇಳಿದರೆ ನನ್ನದು. ಗೋಡೌನ್ ತುಂಬ ತಂತಿ ಇಟ್ಟುಕೊಂಡು ರೇಟು ಬೀಳುವ ಭಯದಲ್ಲಿದ್ದ ಅವರು ಕೂಡಲೇ ಒಪ್ಪಿದರು. ಪಂಪು ತಂದಿದ್ದ ಬ್ಯಾಂಕಿನವರೊಬ್ಬರು, "ರೇಟು ಏರಿಳಿದ್ರೂ ಪೆಟ್ಟು ಬೀಳದ ಹಾಗೆ ಮೊದಲೇ ಬೇಲಿ ಹಾಕ್ಕೊಳ್ಳೋದು, ಇದನ್ನೇ ಹೆಡ್ಜಿಂಗ್ ಅನ್ನೋದು. ಹೀಗೆ ಇನ್ನೊಂದರ ರೇಟಿನ ಮೇಲೆ ನಿಂತ ಕರಾರಿಗೆ ಡಿರೈವೇಟಿವ್ ಅಂತ ಹೆಸರು" ಎಂದರು. ಅವತ್ತು ಎದೆ ಮುಂದೆ ಮಾಡಿಕೊಂಡೇ ಮನೆಗೆ ಹೋದೆ.

ತಾಮ್ರ ಏರಿತು, ಏರುತ್ತಲೇ ಹೋಯಿತು. ರುದ್ರಣ್ಣನವರ ಶಟರ್ ಇಳಿಯಿತು. ಫೋನ್ ಮಾಡಿದರೆ ಶಟರಿನ ಹಿಂದೆ ರಿಂಗಾಗುವುದು ಬೀದಿಗೆ ಕೇಳಿಸುತ್ತದೆ, ಎತ್ತುವವರಿಲ್ಲ. ಆದರೂ ಪ್ರತಿ ಸೋಮವಾರ ಬೆಳಿಗ್ಗೆ ನನ್ನ ಬಾಗಿಲಲ್ಲಿ ತಂತಿಯ ಸುರುಳಿ ಕೂತಿರುತ್ತದೆ. ತೂಕ ಸರಿ. ಮುಟ್ಟಿದರೆ ಬೆಚ್ಚಗೆ, ಯಾರೋ ತಬ್ಬಿಕೊಂಡು ತಂದ ಹಾಗೆ.

"ರುದ್ರಣ್ಣೋರು ದಿನಾ ಅಂಗಡೀಗೆ ಹೋಗ್ತಾರಲ್ಲ ಅಂತಾರೆ ಅವರ ಮನೇವ್ರು" ಎಂದಳು ಹೆಂಡತಿ. "ನಿಮ್ಮ ಕಣ್ಣಿಗೆ ಮಾತ್ರ ಕಾಣ್ತಿಲ್ಲ. ಏನು ಮಾಡಿಟ್ರಿ ನೀವು?"

ತಂತಿಯ ದುಡ್ಡನ್ನು ಅವರ ಶಟರಿನ ಕೆಳಗಿನ ಸಂದಿಗೆ ತೂರಿಸಿದೆ. ಒಳಗಿನ ಕತ್ತಲಿಂದ ಏನೋ ಅದನ್ನು ಮೆಲ್ಲಗೆ ಎಳೆದುಕೊಂಡಿತು.

"ರುದ್ರಣ್ಣೋರೇ?"

ನೆಲದ ಮಟ್ಟದಿಂದ ದನಿ ಬಂತು: "ಮಾತು ಕೊಟ್ಟಿದೀನಿ, ತಂತಿ ಕೊಡ್ತೀನಿ. ನಿನ್ನ ನಗೋ ಮುಖ ನೋಡೋಕೆ ಮಾತ್ರ ನನ್ನ ಕೈಲಾಗಲ್ಲ. ಹೋಗೋ."

ನಾನು ನಕ್ಕೇ ಇರಲಿಲ್ಲ ಎಂದು ಹೆಂಡತಿಗೆ ಹೇಳಿದೆ. ಅವಳು ಕನ್ನಡಿ ತೋರಿಸಿದಳು.

ಕಳೆದ ತಿಂಗಳು ತಾಮ್ರ ಬಿತ್ತು. ಬೀದಿಯವರೆಲ್ಲ ಅಗ್ಗಕ್ಕೆ ಕೊಳ್ಳುತ್ತಿದ್ದಾರೆ, ನಾನೊಬ್ಬ ಹಳೇ ರೇಟಿಗೆ. ನನಗೆ ನಷ್ಟವೇನೂ ಇಲ್ಲ; ಲೆಕ್ಕ ಹಾಕಿದಷ್ಟೇ ಲಾಭ ಬರುತ್ತಿದೆ, ಕರಾರು ಮಾಡಿದ್ದೇ ಅದಕ್ಕೆ. ಆದರೂ ರುದ್ರಣ್ಣನವರ ನಗುವ ಮುಖ ನೋಡಲು ಕೈಲಾಗದೆ ಈಗ ಶಟರ್ ಇಳಿಸಿಕೊಂಡೇ ವೈಂಡಿಂಗ್ ಮಾಡುತ್ತೇನೆ. ಈ ಸೋಮವಾರ ಸುರುಳಿ ಬಂದು ಕೂತ ಸದ್ದಾಯಿತು. ದುಡ್ಡನ್ನು ಸಂದಿಯಿಂದ ಹೊರಕ್ಕೆ ತಳ್ಳಿದೆ. ಬೆರಳುಗಳು ಬಂದು ತೆಗೆದುಕೊಂಡವು, ಹೆಜ್ಜೆ ಮಾತ್ರ ಕದಲಲಿಲ್ಲ. ನನ್ನ ಫೋನ್ ರಿಂಗಾಯಿತು. ನಾನು ಎತ್ತಲಿಲ್ಲ.

"ಫೋನು ಒಳಗೇ ಹೊಡ್ಕೊಳ್ತಿದೆ ಕಣೋ, ಬೀದಿಗೆ ಕೇಳಿಸ್ತಿದೆ" ಎಂದರು ರುದ್ರಣ್ಣ.