ಕೈ ಹಚ್ಚಬೇಕಾಗಿಲ್ಲದ ಗುಂಡಿ

"ಇದಕ್ಕ ಯಾರೂ ಏನೂ ಮಾಡಬೇಕಾಗಿಲ್ಲ. ಒಮ್ಮೆ ಕಟ್ಟಿಬಿಟ್ಟರ ಮುಗೀತು, ತನ್ನಷ್ಟಕ್ಕ ತಾನ ನಡೀತದ" ಎಂದು ಸಿಂಧನೂರಿನ ನಮ್ಮ ಓಣಿಯ ನಾಲ್ಕು ಜನರ ಮುಂದೆ ನಾನು ಹೇಳಿದ್ದು ನಿಜ. ಹಾಗೆ ಹೇಳಿದ ಮೇಲೆ ಎಷ್ಟೋ ತಿಂಗಳು ನಾನು ಹೊತ್ತಿಗೆ ಸರಿಯಾಗಿ ಊಟ ಮಾಡಲಿಲ್ಲ ಎನ್ನುವುದೂ ಅಷ್ಟೇ ನಿಜ.

ಆಗ ಕಾಲುವೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ಜೋಳ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಭತ್ತ ನಿಂತಿತ್ತು. ನಾನು ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದೆ. ಮನೆಯಲ್ಲಿ ಹೆಂಡತಿ ನೀಲಮ್ಮ, ಮತ್ತು ನಮ್ಮವ್ವ. ಅವ್ವ ಅಂಗಳದಲ್ಲಿ ಜಾರಿ ಬಿದ್ದು ಟೊಂಕ ಮುರಿದುಕೊಂಡಿದ್ದಳು. ಎಲುಬೇನೋ ಕೂಡಿತು, ಆದರೆ ಕೋಲು ಹಿಡಿದು ಹೊಸ್ತಿಲವರೆಗೆ ಬರುವುದೇ ಅವಳಿಗೆ ದೊಡ್ಡ ಯಾತ್ರೆಯಾಯಿತು. ಊರ ಹೊರಗಿನ ಬಯಲಿಗೆ ಹೋಗುವುದಂತೂ ದೂರದ ಮಾತು. ಅವಳು ಮೆಲ್ಲಗೆ ನೀರು ಕುಡಿಯುವುದನ್ನೇ ಬಿಡತೊಡಗಿದಳು. ಊಟದಲ್ಲೂ ಅರ್ಧ ರೊಟ್ಟಿಗೆ ಸಾಕೆನ್ನುತ್ತಿದ್ದಳು. ಹಸಿವಿಲ್ಲವೇನೋ ಎಂದು ನಾನು ಔಷಧ ತಂದುಕೊಟ್ಟೆ. ಕಾರಣ ಏನೆಂದು ನನಗೆ ತಿಳಿಸಿ ಹೇಳಿದ್ದು ನೀಲಮ್ಮ. ಗಂಡಸಾದ ನನಗೆ ಅದು ಹೊಳೆದಿರಲಿಲ್ಲ.

ಹಟ್ಟಿಯಲ್ಲಿ ಚಿನ್ನದ ಗಣಿಯ ಕೆಲಸಕ್ಕಿದ್ದ ನನ್ನ ಮೈದುನನ ಕಂಪನಿ ಮನೆಯಲ್ಲಿ, ನೆಲದಡಿ ಟಾಕಿ ಎಂಬ ತೊಟ್ಟಿ ಕಟ್ಟಿದ ಪಾಯಖಾನೆ ನೋಡಿದ್ದೆ. ಅಂಥದನ್ನೇ ನಮ್ಮ ಹಿತ್ತಲಲ್ಲಿ ಕಟ್ಟಿಸಿದೆ. ಹೊಲಸೆಲ್ಲ ನೆಲದೊಳಗಿನ ಟಾಕಿಯ ತಳಕ್ಕೆ ಕೂರುತ್ತದೆ, ಮೇಲಿನ ನೀರು ಮಾತ್ರ ಹರಿದು ಪಕ್ಕದ ಇಂಗುಗುಂಡಿಗೆ ಹೋಗುತ್ತದೆ. ಅವ್ವ ಮೊದಲನೆಯ ದಿನ ಒಳಗೆ ಹೋಗಿ ಬಂದು, ಮಂಚದ ಮೇಲೆ ಕುಳಿತು, ಒಂದು ತಂಬಿಗೆ ನೀರು ತರಿಸಿ ಪೂರ್ತಿ ಕುಡಿದಳು. ನನಗೆ ಬೇರೆ ಬಹುಮಾನ ಬೇಕಿರಲಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. ಆದರೆ ನಮ್ಮ ಹಿತ್ತಲ ಗೋಡೆಯ ಆಚೆಗೆ, ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಹುಸೇನಬಿಯ ಬಾವಿಯಿತ್ತು. ಓಣಿಯ ಬಾವಿಗಳೆಲ್ಲ ಸವಳು, ಅದೊಂದೇ ಸಿಹಿ. ನಮ್ಮ ಕೊಡಗಳೂ ಅಲ್ಲೇ ತುಂಬುತ್ತಿದ್ದವು. ಕಾಲುವೆ ಬಂದ ಮೇಲೆ ನೆಲದೊಳಗಿನ ನೀರು ಮೇಲೇರಿ ಆ ಬಾವಿಯ ಹಗ್ಗ ವರ್ಷ ವರ್ಷಕ್ಕೆ ಗಿಡ್ಡವಾಗುತ್ತಿತ್ತು. ಖಾಲಾ ನಾಲ್ಕಾರು ಆಡು ಸಾಕಿಕೊಂಡಿದ್ದ ಹಿರಿಯಳು. ಅವ್ವನನ್ನು ಅಕ್ಕ ಎನ್ನುವ ಗೆಳತಿ, ನನಗೆ ಅಂಜಿಕೆ. ಅವಳು ಒಂದು ದಿನ ಬಂದು, ನಮ್ಮ ಇಂಗುಗುಂಡಿಯ ಸುತ್ತ ಎದೆಯೆತ್ತರ ಬೆಳೆದಿದ್ದ ಕಪ್ಪು ಹಸಿರು ಹುಲ್ಲನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

ಜವಳಗೇರಾದಲ್ಲಿ ಅವಳ ತಂಗಿಯ ಮನೆಯ ಬಾವಿಗೆ ಗದ್ದೆಯ ಗೊಬ್ಬರದ ನೀರು ಇಳಿದು, ಹಸುಗೂಸಿಗೆ ಆ ನೀರು ಕುಡಿಸಬೇಡಿ ಎಂದು ಡಾಕ್ಟರು ಹೇಳಿದ್ದರಂತೆ. ಈಗ ಅವಳ ಮಗಳು ಮುನೀರಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವವಳಿದ್ದಳು.

"ನೋಡಪಾ ಶರಣಪ್ಪಾ, ಅಕ್ಕನ ಸಲುವಾಗಿ ಕಟ್ಟಿಸೀದಿ, ಭಾಳ ಛಲೋ ಆತು. ಖರೆ, ಹುಲ್ಲಿಗೆ ಇಷ್ಟು ಸೊಕ್ಕು ಬಂದದ ಅಂದ್ರ ನಿನ್ನ ಟಾಕಿ ನೀರಾಗ ಗೊಬ್ಬರದ ಸತ್ವ ಐತಿ. ಅದು ನನ್ನ ಬಾವಿಗಿ ಇಳೀಬಾರದು. ಮುನೀರಾ ಬರೂದ್ರಾಗ ಏನರ ಬಂದೋಬಸ್ತ್ ಮಾಡು. ಇಲ್ಲಂದ್ರ ಕೀಲಿ ಹಾಕ್ತೀನಿ. ಬಾವಿಗಲ್ಲ, ನಿನ್ನ ಪಾಯಖಾನಿಗಿ."

ಮಂಚದ ಮೇಲಿನ ಅವ್ವ ನೀರಿನ ತಂಬಿಗೆಯನ್ನು ದೂರ ಸರಿಸಿದಳು. ಅವತ್ತು ರಾತ್ರಿ ಮತ್ತೆ ಅರ್ಧ ರೊಟ್ಟಿ ಉಂಡಳು.

ಆ ಕಾಲದಲ್ಲಿ ನಮ್ಮ ತಾಲೂಕಿನಲ್ಲಿ ಯಾರನ್ನು ನಿದ್ದೆಯಲ್ಲಿ ಕೇಳಿದರೂ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: ಗೊಬ್ಬರ. ಯೂರಿಯಾ ಚೀಲಕ್ಕಾಗಿ ಜನ ಬುತ್ತಿ ಕಟ್ಟಿಕೊಂಡು ಬಂದು ಪಾಳಿ ಹಚ್ಚುತ್ತಿದ್ದರು. ಅಂಥ ಊರಿನಲ್ಲಿ ನೀರಿನಿಂದ ಗೊಬ್ಬರದ ಸತ್ವ ಹೇಗೆ ತೆಗೆಯಬೇಕೆಂದು ವಿಚಾರಿಸುತ್ತ ತಿರುಗುತ್ತಿದ್ದವನು ನಾನೊಬ್ಬನೇ. ಗಿರಣಿಯ ಸಾಹುಕಾರರು ನನ್ನನ್ನು ಕರೆದು, ಮನೆಯಲ್ಲಿ ಎಲ್ಲ ಅರಾಮೇ ಎಂದು ಕೇಳಿದರು.

ದಾರಿ ಸಿಕ್ಕಿದ್ದು ವೆಂಕಟರಾಯರಿಂದ. ಇವರು ಆಂಧ್ರದಿಂದ ಬಂದು, ಕಾಲುವೆ ಬದಿಗೆ ವಲಸೆಗಾರರು ಕಟ್ಟಿಕೊಂಡ ಕ್ಯಾಂಪಿನಲ್ಲಿ ನೆಲೆಸಿದ ರೈತರು. ಗಿರಣಿಗೆ ಭತ್ತ ತಂದಾಗಲೆಲ್ಲ ತೂಕ ಮುಗಿಯುವತನಕ ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ಅವತ್ತಿನ ಕಷ್ಟವೆಂದರೆ, ಅವರು ಹಾಕಿದ ಯೂರಿಯಾ ಎಲ್ಲ ಆಕಾಶಕ್ಕೆ ಹೋಗಿತ್ತು. ಗೊಬ್ಬರ ಹಾಕಿದ ಗದ್ದೆ ಒಮ್ಮೆ ಒಣಗಿ ಗಾಳಿಯಾಡಿ, ಆಮೇಲೆ ನೀರು ನಿಂತು ಉಸಿರುಕಟ್ಟಿದರೆ, ಅದರಲ್ಲಿದ್ದ ಸತ್ವ, ಅಂದರೆ ಸಾರಜನಕ, ಗಾಳಿಯಾಗಿ ಹಾರಿಹೋಗುತ್ತದೆಂದು ಬೇಸಾಯದ ಅಧಿಕಾರಿಗಳು ಅವರಿಗೆ ತಿಳಿಸಿದ್ದರು.

"ಏಮಂಡಿ ಶರಣಪ್ಪಗಾರು, ಪಾಳಿಯಲ್ಲಿ ನಿಂತು ತಂದ ಗೊಬ್ಬರ! ಮುಗಿಲಿಗೆ ಹೋಯ್ತು!" ಎಂದು ಅವರು ಹಣೆ ಬಡಿದುಕೊಂಡರು. ನಾನು ಅವರ ಎರಡೂ ಕೈ ಹಿಡಿದುಕೊಂಡು, "ಅದನ್ನ ಹೆಂಗ ಮಾಡಿದ್ರಿ, ಸ್ವಲ್ಪ ಬಿಡಿಸಿ ಹೇಳ್ರಿ" ಎಂದೆ. ಅವರು ಕೈ ಬಿಡಿಸಿಕೊಳ್ಳಲು ನೋಡಿದರು.

ನನ್ನ ಯೋಜನೆ ತಯಾರಾಯಿತು. ಟಾಕಿಯಿಂದ ಬರುವ ನೀರು ಇಂಗುಗುಂಡಿ ಸೇರುವ ಮೊದಲು ಇಳಿಜಾರಿನಲ್ಲಿ ಎರಡು ಗುಂಡಿ ದಾಟಬೇಕು. ಒಂದರಲ್ಲಿ ಮರಳು, ನೀರು ಹನಿಹನಿಯಾಗಿ ಇಳಿಯುತ್ತ ಗಾಳಿ ಕುಡಿಯಲಿ. ಇನ್ನೊಂದರಲ್ಲಿ ಗಿರಣಿಯ ಭತ್ತದ ಹೊಟ್ಟು. ನೀರು ಅಲ್ಲಿ ನಿಂತು ಉಸಿರುಕಟ್ಟಲಿ. ತಳಕ್ಕೂ ಗೋಡೆಗೂ ಎರೆಮಣ್ಣು ಮೆತ್ತಿದರೆ ಹನಿಯೂ ಸೋರುವುದಿಲ್ಲ. ಪಂಪಿಲ್ಲ, ಎಣ್ಣೆಯಿಲ್ಲ, ಆಳಿಲ್ಲ. ಯಾರೂ ಕೈ ಹಚ್ಚಬೇಕಾಗಿಲ್ಲ. ಓಣಿಯ ನಾಲ್ಕು ಜನರ ಮುಂದೆ ಭಾಷಣ ಮಾಡಿದ್ದು ಈ ಸಂದರ್ಭದಲ್ಲಿ.

ನೀರು ಬಿಟ್ಟ ಮೊದಲನೆಯ ದಿನವೇ ಹೊಟ್ಟು ತೇಲಿತು. ಹೊಟ್ಟು ತೇಲುತ್ತದೆ ಎಂಬುದು ಗಿರಣಿಯಲ್ಲಿ ಅಷ್ಟು ವರ್ಷ ದುಡಿದ ನನಗೆ ಗೊತ್ತಿರಬೇಕಿತ್ತು. ಅದು ಗುಂಡಿ ತುಂಬಿ, ಗೋಡೆಯ ಸಂದಿಯಿಂದ ಹೊರಟು, ಓಣಿಗುಂಟ ಖಾಲಾಳ ಬಾಗಿಲವರೆಗೆ ಮೆರವಣಿಗೆ ಹೋಯಿತು. ಹಿಂದೆ ಊರ ಕೋಳಿಗಳೆಲ್ಲ ಹೋದವು. ಅದನ್ನು ಗುಡಿಸಿ ತಂದು, ಗೋಣಿಚೀಲದಲ್ಲಿ ತುಂಬಿ ಹೊಲಿದು, ಮೇಲೆ ಕಲ್ಲು ಹೇರಿದೆ.

ಮರುವಾರ ವೆಂಕಟರಾಯರು ಬಂದು ನೋಡಿ ತಲೆ ಕೆರೆದುಕೊಂಡರು. ಮೊದಲು ಗಾಳಿ, ಆಮೇಲೆ ನೀರು ಎಂದು ಅವರು ಹೇಳಿದ್ದರು. ನಾನು ಮೇಲೆ ಹೊಟ್ಟಿನ ಗುಂಡಿ, ಕೆಳಗೆ ಮರಳಿನ ಗುಂಡಿ ಕಟ್ಟಿದ್ದೆ. ಎರಡನ್ನೂ ಖಾಲಿ ಮಾಡಿ ಅದಲುಬದಲು ತುಂಬಿದೆ. ಆ ಕೆಲಸಕ್ಕೆ ಕೂಲಿಗೆ ಯಾರೂ ಬರಲಿಲ್ಲ. ಏಕೆ ಬರಲಿಲ್ಲ ಎಂಬುದನ್ನು ನಾನು ವಿವರಿಸುವುದಿಲ್ಲ. ನೀಲಮ್ಮ ನನ್ನ ಅಂಗಿಯನ್ನು ಕೋಲಿನಿಂದ ಎತ್ತಿ ಒಯ್ದಳು.

ಆಮೇಲೆ ಗುಂಡಿ ತನ್ನಷ್ಟಕ್ಕೆ ನಡೆಯಬೇಕಿತ್ತು. ಆದರೆ ಅದು ನಡೆಯುತ್ತಿದೆಯೋ ಇಲ್ಲವೋ ಎಂದು ನೋಡುವವರು ಯಾರು? ದಿನಾ ಬೆಳಿಗ್ಗೆ ಎದ್ದವನೇ ಕಲ್ಲು ಸರಿಸಿ, ಚೀಲ ಎತ್ತಿ, ಹೊಟ್ಟನ್ನು ಕೋಲಿನಿಂದ ಕಲಕಿ, ಮೂಸಿ ನೋಡುತ್ತಿದ್ದೆ. ಉಸಿರುಕಟ್ಟಬೇಕಾದ ಗುಂಡಿಗೆ ದಿನಾ ನಾನೇ ಉಸಿರು ಕೊಡುತ್ತಿದ್ದೇನೆ ಎಂಬುದು ತಲೆಗೆ ಹೋಗಲಿಲ್ಲ. ನಾನು ಕಲಕಿದ ಹೊತ್ತಿಗೆ ಓಣಿಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಗಿರಣಿಯಲ್ಲಿ ನನ್ನ ಪಕ್ಕದ ಕುರ್ಚಿ ಸ್ವಲ್ಪ ದೂರ ಸರಿಯಿತು.

"ಒಲಿ ಮ್ಯಾಲಿನ ಅನ್ನಾನೂ ನಾ ಇಷ್ಟು ಸಲ ತಗದು ನೋಡಂಗಿಲ್ಲ. ಅದನ್ನ ಅದರ ಪಾಡಿಗೆ ಬಿಡ್ರಿ" ಎಂದಳು ನೀಲಮ್ಮ.

"ಜವಾಬ್ದಾರಿ ನನ್ನದೈತಿ" ಎಂದೆ ನಾನು, ಕೋಲು ಹಿಡಿದುಕೊಂಡು.

ಇನ್ನು ಪರೀಕ್ಷೆಯ ಮಾತು. ಕಣ್ಣಿಗೆ ಕಾಣದ ಸಾರಜನಕ ಹೋಯಿತೋ ಇಲ್ಲವೋ ಖಾಲಾಳಿಗೆ ತೋರಿಸುವುದು ಹೇಗೆ? ಇದಕ್ಕೂ ವೆಂಕಟರಾಯರೇ ಉಪಾಯ ಹೇಳಿದರು. ಮಸ್ಕಿ ಹಳ್ಳದ ತೊಳೆದ ಮರಳು ತಂದು ಎರಡು ಒಡಕು ಮಣ್ಣಿನ ಬಾನಿಗಳಲ್ಲಿ ತುಂಬಬೇಕು. ಮರಳಿಗೆ ಸ್ವಂತ ಸತ್ವವಿಲ್ಲ, ಆದ್ದರಿಂದ ಮೋಸವಿಲ್ಲ. ಎರಡರಲ್ಲೂ ರಾಜಗಿರಿ ಸೊಪ್ಪು ಬಿತ್ತಿ, ಒಂದಕ್ಕೆ ಟಾಕಿಯ ನೀರು, ಇನ್ನೊಂದಕ್ಕೆ ಗುಂಡಿ ದಾಟಿ ಬಂದ ನೀರು ಹಾಕಬೇಕು. ಮೊದಲನೆಯದು ಹಸಿರಾಗಿ, ಎರಡನೆಯದು ಹಳದಿಯಾಗಿ ಸೊರಗಿದರೆ ನಾವು ಗೆದ್ದಂತೆ. ಖಾಲಾ ಒಪ್ಪಿದಳು. ಮುನೀರಾ ಬರುವ ಹಿಂದಿನ ದಿನ ತೀರ್ಪು.

ಹೀಗೆ ಬೆಳೆ ಹಾಳಾಗಲೆಂದು ದೇವರಿಗೆ ಕೈಮುಗಿದ ಒಕ್ಕಲು ಮನೆತನದವನು ನಮ್ಮ ವಂಶದಲ್ಲಿ ನಾನೇ ಮೊದಲಿಗ. ಸಸಿ ಎದ್ದವು. ಎರಡನೆಯ ಬಾನಿಯ ಎಲೆ ಸ್ವಲ್ಪ ಮಾಸಿತೇನೋ ಅನ್ನಿಸಿತು. ಮರುದಿನ ಇಲ್ಲ ಅನ್ನಿಸಿತು. ನಾನು ಇನ್ನಷ್ಟು ಕಲಕಿದೆ. ಅಷ್ಟರಲ್ಲಿ ಸಾಹುಕಾರರು ವಸೂಲಿ ಕೆಲಸಕ್ಕೆಂದು ನನ್ನನ್ನು ಲಿಂಗಸುಗೂರಿಗೆ ಕಳಿಸಿದರು. ಹೋಗಲು ಮನಸ್ಸಿರಲಿಲ್ಲ. ಗುಂಡಿಯನ್ನು ದಿನಾ ಕಲಕಬೇಕೆಂದು ನೀಲಮ್ಮನಿಗೆ ತಿಳಿಸಿ ಹೇಳಿದೆ. ಅವಳು ಹೂಂ ಎಂದಳು. ಅವಳು ಹಾಗೆ ಒಂದೇ ಮಾತಿಗೆ ಹೂಂ ಎಂದರೆ ಏನರ್ಥವೆಂದು ಆಗಲೇ ತಿಳಿಯಬೇಕಿತ್ತು.

ಲಿಂಗಸುಗೂರಿನ ಕೆಲಸ ಎಳೆಯಿತು. ಬಸ್ಸಿಳಿದು ಮನೆಗೆ ಬಂದಾಗ ತೀರ್ಪಿನ ದಿನವೇ ಆಗಿತ್ತು. ಖಾಲಾ ಬಾನಿಗಳ ಮುಂದೆ ನಿಂತಿದ್ದಳು. ನಾನು ಚೀಲ ಕೆಳಗಿಟ್ಟು ನೋಡಿದೆ. ಟಾಕಿ ನೀರಿನ ಬಾನಿ ಹಸಿರಾಗಿತ್ತು. ನಮ್ಮ ಗುಂಡಿಯ ನೀರಿನ ಬಾನಿ ಅದಕ್ಕಿಂತ ಹಸಿರಾಗಿತ್ತು! ಎಲೆಗಳು ಅಂಗೈಯಗಲ. ಊರಿನ ಯಾವ ತೋಟದಲ್ಲೂ ಅಂಥ ರಾಜಗಿರಿ ನಾನು ಕಂಡಿರಲಿಲ್ಲ.

ಖಾಲಾಳಿಗೂ ಖುಷಿಯಾದಂತೆ ಕಾಣಲಿಲ್ಲ. "ಏನ್ ಮಾಡ್ಲಿ ಶರಣಪ್ಪಾ. ಕೂಸಿನ ಮಾತು ಐತಿ" ಎಂದಳು.

ಒಪ್ಪಂದ ಒಪ್ಪಂದವೇ. ಸಲಿಕೆ ತಂದು, ಪಾಯಖಾನೆಯಿಂದ ಟಾಕಿಗೆ ಹೋಗುವ ಕೊಳವೆಯ ಬಾಯಿಗೆ ಮಣ್ಣು ಹಾಕಲು ಬಗ್ಗಿದೆ. ಹೊಸ್ತಿಲಲ್ಲಿ ಕೋಲಿನ ಸದ್ದಾಯಿತು. ಅವ್ವ ಬಂದು ನಿಂತಿದ್ದಳು.

"ಏನೋ ತಮ್ಮಾ, ಪಲ್ಲೆ ಇಷ್ಟು ಚಂದ ಬಂದದ, ಸಲಿಕಿ ಯಾಕ ಹಿಡದೀ?"

ಪಲ್ಲೆ ಚಂದ ಬಂದದ್ದೇ ತಪ್ಪಾಗಿದೆ ಎಂದು ಹೇಳಿದೆ. ಹಳದಿಯಾಗಬೇಕಿತ್ತು ಎಂದು ಹೇಳಿದೆ. ಇಡೀ ಪರೀಕ್ಷೆಯನ್ನು ಅವ್ವನಿಗೆ ಯಾರೂ ಬಿಡಿಸಿ ಹೇಳಿಯೇ ಇರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು.

ಅವ್ವ ಖಾಲಾಳ ಕಡೆ ನೋಡಿದಳು. ಖಾಲಾ ಬಾವಿಯ ಕಡೆ ನೋಡಿದಳು.

"ನೀ ಊರಿಗಿ ಹ್ವಾದ ಮ್ಯಾಲ ಆ ಬಾನಿ ಹಳದಿ ಬಿದ್ದಿತ್ತಪ್ಪ" ಎಂದಳು ಅವ್ವ. "ಮಂಚದ ಮ್ಯಾಲ ಕುಂತು ದಿನಾ ಅದನ್ನ ನೋಡ್ತಿದ್ದೆ. ಹೊಲದಾಗ ಹುಟ್ಟಿ ಬೆಳದಾಕಿ ನಾ, ಕಣ್ಣ ಮುಂದ ಸಸಿ ಸಾಯೂದು ಹೆಂಗ ನೋಡ್ಲಿ? ಹುಸೇನಿಗಿ ಹೇಳಿದೆ, ಒಂದ್ ಬುಟ್ಟಿ ಆಡಿನ ಹಿಕ್ಕಿ ಹಾಕು ಅಂತ."

"ಹಾಕಿದೀ ಖಾಲಾ?" ಎಂದೆ.

"ಅಕ್ಕ ಅಂದ್ಲು, ಹಾಕ್ದೆ" ಎಂದಳು ಖಾಲಾ. "ಗೋಡಿ ಮ್ಯಾಲಿಂದ ಹಾಕ್ದೆ. ಯಾವ ಬಾನಿ ಯಾವ್ದಂತ ನನಗೇನು ಗೊತ್ತು? ಸೊರಗಿದ್ದಕ್ಕ ಹಾಕ್ದೆ." ಆ ಬಾನಿಯ ಎಲೆ ಎತ್ತಿ ನೋಡಿ ತನ್ನಷ್ಟಕ್ಕೇ ಅಂದಳು: "ಹಳದಿ ಬಿದ್ದಿದ್ದು ಖರೆ. ನಾನ ನೋಡೀನಿ."

ತೀರ್ಪು ಕೊಡಬೇಕಾದವಳೇ ಸಾಕ್ಷಿಗೆ ಗೊಬ್ಬರ ಹಾಕಿದ್ದಳು. ಮೊದಲು ನಕ್ಕದ್ದು ನೀಲಮ್ಮ. ಆಮೇಲೆ ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ನಕ್ಕರು. ನಾನು ಸಲಿಕೆಯ ಮೇಲೆಯೇ ಕುಳಿತೆ.

ಕೀಲಿಯ ಮಾತು ಮುಂದಕ್ಕೆ ಹೋಯಿತು. ಮುನೀರಾ ಬಂದಳು, ಹೆರಿಗೆಗೆ ಇನ್ನೂ ದಿನಗಳಿದ್ದವು. ಹೊಸ ಮರಳು ತುಂಬಿ ಮತ್ತೆ ಬಿತ್ತಿದೆವು. ಈ ಸಲ ಅವ್ವನ ಮಂಚವನ್ನು ಬಾನಿ ಕಾಣದಂತೆ ಒಳಗೋಡೆಯ ಕಡೆ ಮುಖ ಮಾಡಿಸಿ ಹಾಕಿದೆವು. ನೀಲಮ್ಮ ನನ್ನ ಕೋಲನ್ನು ಒಲೆಗೆ ಹಾಕಿ ರೊಟ್ಟಿ ಬೇಯಿಸಿದಳು. ಯಾಕೆಂದು ಕೇಳಿದ್ದಕ್ಕೆ, ನಾನು ಲಿಂಗಸುಗೂರಿನಲ್ಲಿದ್ದಷ್ಟು ದಿನ ಗುಂಡಿಯನ್ನು ಒಮ್ಮೆಯೂ ಮುಟ್ಟಿಲ್ಲ, ಆಗಲೇ ಬಾನಿ ಹಳದಿಯಾದದ್ದು, ವಾಸನೆ ನಿಂತದ್ದೂ ಆಗಲೇ ಎಂದು ಶಾಂತವಾಗಿ ಹೇಳಿದಳು. ಅದು ಕೆಟ್ಟುಹೋಗುತ್ತಿದ್ದುದು ನನ್ನ ಜವಾಬ್ದಾರಿಯಿಂದಲೇ!

ಎರಡನೆಯ ಬಾನಿ ಕಾಮಾಲೆಯಾದವನ ಕಣ್ಣಿನಂತೆ ಹಳದಿಯಾಯಿತು. ಖಾಲಾ ಎರಡು ಎಲೆ ಕಿತ್ತು ತನ್ನ ಆಡಿಗೆ ತೋರಿಸಿದಳು. ಆಡು ಮೂಸಿ ಮುಖ ತಿರುಗಿಸಿತು. "ಪಾಸ್" ಎಂದಳು ಖಾಲಾ. ಮುನೀರಾಳ ಕೂಸಿಗೆ ಮೊದಲ ಸ್ನಾನ ಆ ಬಾವಿಯ ನೀರಿನಲ್ಲೇ ಆಯಿತು. ಆ ದಿನ ಅವ್ವ ಎರಡು ರೊಟ್ಟಿ ಉಂಡು, ಮೇಲೆ ಮಜ್ಜಿಗೆ ಕೇಳಿದಳು.

ಮುಂದೆ ಒಮ್ಮೆ ವೆಂಕಟರಾಯರು ನನ್ನ ಸಾಧನೆ ತೋರಿಸಲೆಂದು ಕ್ಯಾಂಪಿನ ನಾಲ್ವರನ್ನು ಕರೆತಂದರು. ಅವರು ಗುಂಡಿ ನೋಡುವ ಮೊದಲೇ ಬಾನಿಯ ಹಳದಿ ಸಸಿ ನೋಡಿ ಮರುಗಿದರು. ಹೋಗುವಾಗ ಅವರಲ್ಲೊಬ್ಬರು ಕಾಗದದಲ್ಲಿ ಕಟ್ಟಿದ ಒಂದು ಹಿಡಿ ಯೂರಿಯಾವನ್ನು ಗುಟ್ಟಾಗಿ ನನ್ನ ಕೈಯಲ್ಲಿಟ್ಟು, ಇಷ್ಟೇ ಇದೆ, ಬೇಸರ ಮಾಡಿಕೊಳ್ಳಬೇಡಿ ಎಂದರು. ಇನ್ನೊಬ್ಬರು ಗುಂಡಿಯತ್ತ ಕೈಮಾಡಿ, ಇದಕ್ಕೆ ಏನೇನು ಕೆಲಸ ಮಾಡಬೇಕಾಗುತ್ತದೆ ಎಂದು ಕೇಳಿದರು. ನಾನು ಎದೆಯುಬ್ಬಿಸಿ, ಏನೂ ಇಲ್ಲ, ತನ್ನಷ್ಟಕ್ಕೆ ತಾನೇ ನಡೆಯುತ್ತದೆ ಎನ್ನುವಷ್ಟರಲ್ಲಿ ಒಳಗಿನಿಂದ ನೀಲಮ್ಮನ ಧ್ವನಿ ಬಂತು.

"ಒಂದ ಕೆಲಸ ಐತ್ರಿ. ಇವರನ್ನ ಅದರ ಹತ್ರ ಬಿಡಬಾರದು."

ಆ ಕೆಲಸವನ್ನು ಅವಳು ಇವತ್ತಿಗೂ ದಿನಾ ತಪ್ಪದೆ ಮಾಡುತ್ತಿದ್ದಾಳೆ. ಪಾಪ, ಬಿಡುವೇ ಇಲ್ಲ.