ಕಟ್ ಆಗಿರೋ ಪೀಸು

“ಇನ್ನು ಮೇಲೆ ಈ ಮನೆಯಿಂದ ಬೆರಳಗಲದ ಬಟ್ಟೆಯೂ ಕಸದ ಬುಟ್ಟಿ ಸೇರಕೂಡದು!”

ಆ ಭಾನುವಾರ ಬೆಳಿಗ್ಗೆ ಹಜಾರದ ನಡುವೆ ನಿಂತು ನಾನು ಹೀಗೆ ರಾಜಾಜ್ಞೆ ಹೊರಡಿಸಿದೆ. ಎಡಗೈ ಸೊಂಟದ ಮೇಲೆ, ಬಲಗೈಯಲ್ಲಿ ಕತ್ತರಿ. ಉಳಿದ ಬಟ್ಟೆಯಿಂದ ಚೀಲ, ಚೀಲದಿಂದ ಉಳಿದದ್ದರಲ್ಲಿ ಮಸಿಬಟ್ಟೆ, ಅದರಿಂದಲೂ ಉಳಿದರೆ ಪುಸ್ತಕಕ್ಕೆ ಗುರುತಿನ ಪಟ್ಟಿ! ಆಜ್ಞೆ ಕೇಳಿಸಿಕೊಳ್ಳಲು ಇದ್ದ ಪ್ರಜೆ ಒಬ್ಬರೇ, ನನ್ನ ಗಂಡ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

“ಸೂಜಿಗೆ ದಾರ ಪೋಣಿಸೋಕೆ ಬರುತ್ತೇನೇ ನಿನಗೆ?”

ನೋಡಿ, ಜಗತ್ತಿನ ಮಹಾಯುದ್ಧಗಳೆಲ್ಲ ಇಂಥದೊಂದು ಪ್ರಶ್ನೆಯಿಂದಲೇ ಹುಟ್ಟಿರಬೇಕು.

“ಸಾವಿರ ವರ್ಷದ ಹಿಂದಿನ ಕಲ್ಲುಬರಹ ಓದೋಳು ನಾನು! ಮೂಗು ಮುರಿದ ಅಕ್ಷರ, ಬಾಲ ಅಳಿದ ಅಕ್ಷರ, ಒಂದನ್ನೂ ಬಿಡದೆ ಓದ್ತೀನಿ. ಈ ಸೂಜಿಯ ಕಣ್ಣು ನನಗೆ ಯಾವ ಲೆಕ್ಕ?”

ಹೇಳಿದ್ದರಲ್ಲಿ ಸುಳ್ಳಿಲ್ಲ. ಕಾಲೇಜಿನಲ್ಲಿ ನಾನು ಭಾಷೆಯ, ಶಾಸನಗಳ ಪಾಠ ಮಾಡುವವಳು. ಆದರೆ ಮದುವೆಯಾಗಿ ಬಂದದ್ದು ಟೈಲರರ ಮನೆಗೆ. ಮಾವನವರು ನಲವತ್ತು ವರ್ಷ ಊರವರಿಗೆಲ್ಲ ಕೋಟು ಹೊಲಿದವರು. ಊರಿಗೆ ಅವರು ಬರೀ ‘ಮಾಸ್ಟರ್’. ಲೋಕದ ಟೈಲರುಗಳೆಲ್ಲ ಹುಟ್ಟುವಾಗಲೇ ಕಲಿತು ಬರುವ ಎರಡು ಪದಗಳಿವೆಯಲ್ಲ, ‘ನಾಳೆ ಬನ್ನಿ’, ಅದನ್ನು ಒಬ್ಬ ಗಿರಾಕಿಗೂ ಹೇಳದ ಒಬ್ಬನೇ ಟೈಲರ್ ನಮ್ಮ ಮಾವ. ಅಂಗಡಿ ಮುಚ್ಚಿ ವರ್ಷವಾಗಿತ್ತು. ಹೊಲಿಗೆ ಮೆಷಿನ್ ಮನೆಗೆ ಬಂದು, ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು, ನಿವೃತ್ತನಂತೆ ಕೂತಿತ್ತು. ಹಾಗಿದ್ದರೂ ಮಾವ ಒಂದು ಕೋಟಿಗೆ ಒಪ್ಪಿಕೊಂಡಿದ್ದರು. ನಮ್ಮ ಕಾಲೇಜಿನ ಪ್ರಿನ್ಸಿಪಾಲರಿಗೆ ಶನಿವಾರ ಬೀಳ್ಕೊಡುಗೆ. ಆ ದಿನಕ್ಕೊಂದು ಕೋಟು.

“ಇದೇ ನನ್ನ ಕೊನೇ ಕೋಟು,” ಅಂದಿದ್ದರು ಮಾವ. ಅಂದು, “ಗುರುವಾರ ವಾಪಸ್ ಬರ್ತೀನಿ, ಹೊಲಿಯೋದು ಒಂದು ದಿನದ ಕೆಲಸ,” ಎಂದು ಮಗಳ ಮನೆಗೆ ಹೊರಟುಹೋದರು.

ಕೋಟಿನ ಬಟ್ಟೆ ಬೀರುವಿನಲ್ಲಿ ಭದ್ರವಾಗಿ ಮಡಿಸಿಟ್ಟಿರಬಹುದು ಅಂತ ನನ್ನ ಎಣಿಕೆ. ಅರಿವೆಯ ನಡುವೆ ಬದುಕುತ್ತಿದ್ದೆ, ಆದರೆ ಅರಿವೇ ಇರಲಿಲ್ಲ!

ಭಾನುವಾರದ ಮಧ್ಯಾಹ್ನ ಹಳೆಯ ದಿಂಬಿನ ಚೀಲದಿಂದ ಮೊದಲ ಮಸಿಬಟ್ಟೆ ತಯಾರಾಯಿತು. ಹೆಮ್ಮೆಯಿಂದ ಎದ್ದು ನಿಂತೆ. ಮಸಿಬಟ್ಟೆಯೂ ನನ್ನ ಜೊತೆಗೇ ಎದ್ದು ನಿಂತಿತು. ನಾನು ತೊಟ್ಟಿದ್ದ ಬಟ್ಟೆಯ ಅಂಚನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ.

“ಚೆನ್ನಾಗಿದೆ,” ಅಂದರು ಗಂಡ. “ಬಾಲ ಇಲ್ಲ ಅನ್ನೋ ಕೊರತೆ ಒಂದಿತ್ತು ನಿನಗೆ.”

ಈ ಮಾತಿಗೆ ಉತ್ತರವನ್ನು ಬಾಯಲ್ಲಿ ಕೊಡಬಾರದು, ಮೆಷಿನ್ನಿನಲ್ಲೇ ಕೊಡಬೇಕು ಎಂದು ಹಲ್ಲು ಕಚ್ಚಿದೆ. ಸೋಮವಾರ ಕಾಲೇಜಿನಿಂದ ಬಂದವಳೇ ಬಟ್ಟೆಗಾಗಿ ಮನೆಯೆಲ್ಲ ತಡಕಾಡಿದೆ. ಆಗ ಕಣ್ಣಿಗೆ ಬಿತ್ತು, ಮೆಷಿನ್ನಿನ ಕೆಳಗೆ ಹಳೇ ಪೇಪರಿನಲ್ಲಿ ಸುತ್ತಿಟ್ಟ ಗಂಟು. ಬಿಚ್ಚಿದೆ. ಆಹಾ! ಸಂಜೆ ಕವಿಯುವ ಹೊತ್ತಿನ ಆಕಾಶವನ್ನೇ ತುಂಡು ತುಂಡು ಮಾಡಿಟ್ಟಂತೆ ಬೂದುನೀಲಿ ಬಟ್ಟೆ! ಒಂದು ಬಾಗಿದ್ದು, ಒಂದು ಉದ್ದದ್ದು, ಒಂದು ಅಂಗೈಯಷ್ಟು. ಹಿಂಬದಿಯಲ್ಲೆಲ್ಲ ಸೀಮೆಸುಣ್ಣದ ಗೀಚು, ಇರುವೆ ಸಾಲು ನಡೆದುಹೋದ ಹಾಗೆ. ಯಾವುದೋ ಹಳೆಯ ಅಳತೆ ಇರಬೇಕು.

ನಾನು ಹೊಣೆಗೇಡಿಯಲ್ಲ. ಇದನ್ನು ದಯವಿಟ್ಟು ಗಮನಿಸಿ! ಕತ್ತರಿ ಹಾಕುವ ಮುಂಚೆ ಗಂಡನ ಆಫೀಸಿಗೆ ಫೋನ್ ಮಾಡಿ ಕೇಳಿದೆ.

“ರೀ, ಮೆಷಿನ್ ಕೆಳಗೆ ಪೇಪರ್ ಗಂಟಲ್ಲಿ ಇರೋದೇನು?”

“ಅದಾ? ಕಟ್... ಪೀಸು ಕಣೇ. ಇಡ್ತೀನಿ, ಸಾಹೇಬ್ರು ಬಂದ್ರು.”

ಕಟ್‌ಪೀಸು! ಅಂದರೆ ಏನು? ಥಾನಿನ ಕೊನೆಯಲ್ಲಿ ಉಳಿದ ತುಂಡು. ಅಂಗಡಿಯವರು ರಾಶಿ ಹಾಕಿ ಮಾರುತ್ತಾರಲ್ಲ, ಅದು. ಭಾಷೆಯ ಮೇಷ್ಟ್ರಮ್ಮನಿಗೆ ಇಷ್ಟು ಅರ್ಥವಾಗದೆ? ಕತ್ತರಿ ಎತ್ತಿದೆ.

ದೊಡ್ಡ ತುಂಡುಗಳನ್ನು ಸೋಫಾದ ದಿಂಬಿಗೆ ಅಂತ ಬದಿಗಿಟ್ಟು, ಚಿಕ್ಕವನ್ನು ಮೊದಲು ಹಿಡಿದೆ. ಒಂದು ಉದ್ದದ ತುಂಡಿನಿಂದ ಗಂಡನಿಗೆ ಊಟದ ಡಬ್ಬಿಯ ಚೀಲ, ಅದರಲ್ಲೇ ಉಳಿದದ್ದಕ್ಕೆ ಒಲೆಯ ಪಕ್ಕಕ್ಕೊಂದು ಮಸಿಬಟ್ಟೆ. ಅದರ ಜೋಡಿ ತುಂಡಿನಿಂದ ನಮ್ಮ ಗ್ರಂಥಪಾಲಕಿಗೆ ಪೆನ್ನಿನ ಚೀಲ. ಬಾಗಿದ, ಒಳಗೆ ಗಟ್ಟಿ ಲೈನಿಂಗ್ ಇದ್ದ ತುಂಡಂತೂ ಕನ್ನಡಕದ ಚೀಲವಾಗಲೆಂದೇ ಹುಟ್ಟಿದ ಹಾಗಿತ್ತು. ಗೀಚಿದ ಮುಖ ಒಳಗೆ, ಚೆಂದದ ಮುಖ ಹೊರಗೆ. ಮನುಷ್ಯರೂ ಹೀಗೇ ತಾನೆ ಬದುಕುವುದು, ಎಂಬ ಒಂದು ಸಾಲೂ ಹೊಳೆಯಿತು. ಹೊಲಿಗೆ ಕೂಡ ನೆಟ್ಟಗೆ ಬಂತು.

ಕನ್ನಡಕದ ಚೀಲವನ್ನು ಮಂಗಳವಾರ ಯಾರಿಗೆ ಕೊಟ್ಟೆ ಅಂತೀರಿ? ನಿವೃತ್ತರಾಗುವ ಹಿರಿಯರಿಗೆ ನನ್ನ ಕೈಯಾರೆ ಒಂದು ಕಾಣಿಕೆ ಇರಲಿ ಎಂದು ಪ್ರಿನ್ಸಿಪಾಲರಿಗೇ!

ಗುರುವಾರ ಸಂಜೆ ಮಾವ ಬಂದರು. ಕೈಕಾಲು ತೊಳೆದು, ನೀರು ಕುಡಿದು, ಮೆಷಿನ್ನಿನ ಮುಂದೆ ಕೂತು ಗಂಟು ಬಿಚ್ಚಿದರು. ತುಂಡುಗಳನ್ನು ಒಂದೊಂದಾಗಿ ತೊಡೆಯ ಮೇಲೆ ಹರಡಿದರು. ಇನ್ನೊಮ್ಮೆ ಹರಡಿದರು. ಪೇಪರನ್ನು ಕೊಡವಿದರು.

“ಮಗಳೇ, ತೋಳೆಲ್ಲಿ?”

“ಯಾವ ತೋಳು ಮಾವ?”

“ಪ್ರಿನ್ಸಿಪಾಲರದು.”

ನನ್ನ ಕಾಲಕೆಳಗಿನ ನೆಲ ಹೊಲಿಗೆ ಬಿಟ್ಟಿತು. ನಾನು ಗಂಡನ ಮುಖ ನೋಡಿದೆ. ಗಂಡ ಮೇಜಿನ ಮೇಲಿದ್ದ ತಮ್ಮ ಊಟದ ಚೀಲ ನೋಡಿದರು. ಮಾವನೂ ಅತ್ತಲೇ ನೋಡಿದರು. ಕೈಗೆತ್ತಿಕೊಂಡು ಬೆರಳಲ್ಲಿ ಸವರಿದರು.

“ಬಲತೋಳು ಸಿಕ್ತು,” ಅಂದರು.

ಆಮೇಲೆ ನಡೆದದ್ದನ್ನು ಸಂಭಾಷಣೆ ಅನ್ನುವ ಹಾಗಿಲ್ಲ.

“ನೀವೇ ತಾನೆ ಕಟ್‌ಪೀಸು ಅಂದಿದ್ದು!”

“ಕಟ್‌ಪೀಸು ಅಂದ್ನಾ? ‘ಕಟ್ ಆಗಿರೋ ಪೀಸು’ ಅಂದೆ! ಕೋಟು ಕಟ್ ಮಾಡಿ ಇಟ್ಟಿದಾರೆ ಅಂತ ಅರ್ಥ!”

“ನಡುವೆ ‘ಆಗಿರೋ’ ಅಂತ ಮೂರಕ್ಷರ ಇತ್ತಾ? ನನ್ನ ಕಿವಿಗೆ ಬೀಳಲಿಲ್ಲವಲ್ಲ! ಎಲ್ಲಿ ಹೋಯ್ತು ಆ ಮೂರಕ್ಷರ?”

“ನೆಟ್‌ವರ್ಕು ನುಂಗಿರಬೇಕು!”

“ನೆಟ್‌ವರ್ಕು ನುಂಗೋದಕ್ಕೆ ನಿಮ್ಮ ಮಾತಲ್ಲಿ ನನಗೆ ಬೇಕಾದ ಮೂರಕ್ಷರವೇ ಸಿಗಬೇಕಾ? ಬೈಯೋವಾಗ ಒಂದು ದಿನವಾದ್ರೂ ನುಂಗಿದೆಯಾ?”

ಸಿಟ್ಟು ನೆತ್ತಿಗೇರಿತ್ತು. ಯಾಕೆ ಏರಬಾರದು? ಒಬ್ಬ ಗೌರವಸ್ಥ ಮನುಷ್ಯನನ್ನು ಹದಿನೇಳು ತುಂಡು ಮಾಡಿ, ಹಳೇ ಪೇಪರಿನಲ್ಲಿ ಸುತ್ತಿ, ಮೆಷಿನ್ ಕೆಳಗೆ ತಳ್ಳಿಬಿಡುವುದು ಯಾವ ಊರಿನ ಪದ್ಧತಿ? ಮೇಲೊಂದು ಚೀಟಿ ಅಂಟಿಸಬಾರದೆ? ಔಷಧದ ಬಾಟಲಿಗೆ ಚೀಟಿ ಇದೆ, ಇಲಿ ಪಾಷಾಣಕ್ಕೂ ಚೀಟಿ ಇದೆ. ಪ್ರಿನ್ಸಿಪಾಲರಿಗೆ ಇಲ್ಲ!

ಆದರೆ ಮಾವ ಬೈಯಲಿಲ್ಲ. ಅದೇ ತಡೆಯಲಾಗದ ವಿಷಯ. ಟೇಪನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತರು.

“ಥಾನಲ್ಲಿ ಇದ್ದದ್ದೇ ಇಷ್ಟು, ಬೇರೆ ಸಿಗಲ್ಲ. ನಲವತ್ತು ವರ್ಷ ಯಾರಿಗೂ ‘ನಾಳೆ ಬನ್ನಿ’ ಅಂದಿಲ್ಲ ಮಗಳೇ. ಈಗ ಅನ್ನೋಣ ಅಂದ್ರೂ ಆಗಲ್ಲ. ಶನಿವಾರ ಕಳೆದು ‘ನಾಳೆ’ ಬಂದ್ರೆ ಅವರು ಪ್ರಿನ್ಸಿಪಾಲೇ ಅಲ್ಲ.”

ಕೋಟಿಗೆ ಹೋದ ಮಾನ ಕೋಟಿ ಕೊಟ್ಟರೂ ಬಾರದು! “ನೀವು ಸುಮ್ಮನಿರಿ ಮಾವ, ಒಂದು ಎಳೆಯನ್ನೂ ಬಿಡದೆ ವಾಪಸ್ ತರ್ತೀನಿ,” ಎಂದು ಎರಡನೆಯ ಆಜ್ಞೆ ಹೊರಡಿಸಿದೆ.

ಶುಕ್ರವಾರ ಮೊದಲು ಗ್ರಂಥಾಲಯಕ್ಕೆ ದಾಳಿ. ಗ್ರಂಥಪಾಲಕಿ ಕನ್ನಡಕದ ಮೇಲಿಂದ ನೋಡಿದರು.

“ಪುಸ್ತಕಕ್ಕಾದ್ರೂ ಹದಿನೈದು ದಿನ ಗಡುವು ಇರುತ್ತೆ. ನಿಮ್ಮ ಚೀಲಕ್ಕೆ ಮೂರೇ ದಿನಾನಾ ಮೇಡಂ?”

“ಸ್ವಲ್ಪ ತುರ್ತು ಇತ್ತು...”

“ಪೆನ್ನಿನ ಚೀಲ ತುರ್ತಾಗಿ ಯಾರಿಗೆ ಬೇಕಾಗುತ್ತೆ?”

‘ಒಬ್ಬರ ಎಡಗೈಗೆ’ ಎನ್ನಲು ಬಾಯಿ ಬರಲಿಲ್ಲ. ಅವರು ಪೆನ್ನುಗಳನ್ನು ಒಂದೊಂದಾಗಿ ತೆಗೆದು, ಚೀಲ ನನ್ನ ಮುಂದೆ ತಳ್ಳಿ, “ಇನ್ನು ನಿಮಗೆ ನಿಘಂಟು ಬೇಕಾದ್ರೆ ಇಲ್ಲೇ ಕೂತು ಓದಿ,” ಅಂದರು.

ಅಲ್ಲಿಂದ ಪ್ರಿನ್ಸಿಪಾಲರ ಕೋಣೆ.

“ಸರ್, ಆ ಕನ್ನಡಕದ ಚೀಲ...”

“ಬಹಳ ಚೆನ್ನಾಗಿದೆ ಕಣಮ್ಮಾ! ಅದುಮಿದ್ರೂ ಅಪ್ಪಚ್ಚಿಯಾಗಲ್ಲ. ಒಳಗೆ ಏನಿಟ್ಟಿದ್ದೀರಿ?”

ನಿಮ್ಮ ಕಾಲರ್ ಸರ್, ಅಂತ ಹೇಗೆ ಹೇಳಲಿ?

“ಒಂದು ಕಡೆ ಹೊಲಿಗೆ ಬಿಟ್ಟಿತ್ತು ಸರ್. ಕೊಟ್ಟರೆ ಸರಿ ಮಾಡಿ ತರ್ತೀನಿ.”

ಅವರು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. “ಎಲ್ಲೂ ಬಿಟ್ಟಿಲ್ಲವಲ್ಲ!”

ಹುಟ್ಟಿದ ಮೇಲೆ ನಾನು ನೆಟ್ಟಗೆ ಹಾಕಿದ್ದು ಅದೊಂದೇ ಹೊಲಿಗೆ. ಅದೂ ಇವತ್ತೇ ಇಷ್ಟು ಗಟ್ಟಿಯಾಗಿರಬೇಕೆ!

“ನಾಳೆ ಮಾಸ್ಟರ್ ಕೋಟಿನ ಜೇಬಲ್ಲಿ ಇದನ್ನೇ ಇಡೋದು,” ಅಂದರು ಸರ್. “ನೋಡಿ, ಬಟ್ಟೆ ಕೂಡ ಥೇಟ್ ನನ್ನ ಕೋಟಿನ ಬಟ್ಟೇನೇ! ಎಂಥ ಕಾಕತಾಳೀಯ!”

“ಹೌದು ಸರ್,” ಎಂದು ಕಾಕವೂ ತಾಳವೂ ಒಟ್ಟಿಗೆ ತಲೆಯ ಮೇಲೆ ಬಿದ್ದವಳಂತೆ ಹೊರಗೆ ಬಂದೆ.

ಸಂಜೆ ಮಾವನ ಮುಂದೆ ಎಡತೋಳು, ಬಲತೋಳು ಇಟ್ಟೆ. ಹೊಲಿಗೆ ಬಿಚ್ಚಿದರೂ ಏನು ಬರುತ್ತಿತ್ತು? ನನ್ನ ಕತ್ತರಿ ಅವುಗಳನ್ನು ಮಗುವಿನ ತೋಳಿಗೂ ಸಾಲದಂತೆ ಮಾಡಿತ್ತು. ಮಾವ ಜೋಡಿಸಿ ನೋಡಿದರು, ತಿರುವಿ ನೋಡಿದರು.

“ಕತ್ತರಿಗೆ ಹಿಂದಕ್ಕೆ ಬರೋ ದಾರಿ ಇಲ್ಲ ಮಗಳೇ.”

ಅಷ್ಟು ಹೇಳಿ, ನಾನು ದಿಂಬಿಗೆಂದು ಉಳಿಸಿದ್ದ ದೊಡ್ಡ ತುಂಡುಗಳನ್ನು, ಎದೆಯ ಎರಡು ಭಾಗ ಮತ್ತು ಬೆನ್ನನ್ನು, ಮಡಿಲಲ್ಲಿಟ್ಟುಕೊಂಡು ಅಂಚುಗಳನ್ನು ಗೇಣಿನಿಂದ ಅಳೆಯುತ್ತಾ ಕೂತರು. ನನಗೋ ಆ ಹೊತ್ತಿಗೆ ಸಿಟ್ಟು ಮಾಡೋಣವೆಂದರೆ ಯಾರ ಮೇಲೂ ಬರಲಿಲ್ಲ. ಬಂದಿದ್ದರೆ ಎಷ್ಟು ಹಗುರವಾಗುತ್ತಿತ್ತು!

ಶನಿವಾರ ಐದು ಗಂಟೆಗೇ ಮೆಷಿನ್ನಿನ ಸದ್ದು ಶುರುವಾಯಿತು. ಒಂದೇ ಸಮ, ಮಳೆ ಹಿಡಿದ ಹಾಗೆ. ಒಂಬತ್ತಕ್ಕೆ ನಿಂತಿತು. ಮಾವ ಇಸ್ತ್ರಿ ಮಾಡಿ, ಮಡಿಸಿ, ತಾವೇ ಹೊತ್ತುಕೊಂಡು ಕಾಲೇಜಿಗೆ ಬಂದರು. ಪ್ರಿನ್ಸಿಪಾಲರ ಕೋಣೆಯಲ್ಲಿ ಅವರಿಬ್ಬರು, ಬಾಗಿಲ ಮರೆಯಲ್ಲಿ ಅಪರಾಧಿ ನಾನು.

ಸರ್ ಬೆನ್ನು ತಿರುಗಿಸಿ ಕೈ ಹಿಂದಕ್ಕೆ ಚಾಚಿದರು. ಕೈಗಳು ಒಂದು ಕಡೆಯಿಂದ ಒಳಗೆ ಹೋಗಿ ತಕ್ಷಣವೇ ಇನ್ನೊಂದು ಕಡೆಯಿಂದ ಹೊರಗೆ ಬಂದುಬಿಟ್ಟವು. ಅವರು ಎಡಕ್ಕೆ ನೋಡಿಕೊಂಡರು. ಬಲಕ್ಕೆ ನೋಡಿಕೊಂಡರು.

“ಮಾಸ್ಟರ್... ತೋಳು?”

ಗೋಡೆಯ ಗಡಿಯಾರವೂ ಉಸಿರು ಬಿಗಿಹಿಡಿಯಿತು. ಮಾವ ಭುಜದ ಮೇಲಿನ ಒಂದು ದಾರದ ಎಳೆಯನ್ನು ನಿಧಾನವಾಗಿ ತೆಗೆದರು.

“ಮೂವತ್ತು ವರ್ಷ ದುಡಿದ ಕೈ ಸರ್. ಇವತ್ತಾದರೂ ಅವಕ್ಕೆ ಬಿಡುಗಡೆ ಬೇಡವೇ?”

ಸರ್ ಕನ್ನಡಿಯಲ್ಲಿ ನೋಡಿಕೊಂಡರು. ಎದೆ ಉಬ್ಬಿಸಿದರು. ತೋಳಿಲ್ಲದ ಆ ಬೂದುನೀಲಿ ಅಂಗಿ ಅವರನ್ನು ಹತ್ತು ವರ್ಷ ಚಿಕ್ಕವರನ್ನಾಗಿ ಮಾಡಿತ್ತು. ನಿಜ ಹೇಳಬೇಕೆಂದರೆ, ಅಷ್ಟು ಚೆಂದದ ಉಡುಪನ್ನು ನಾನು ಅವರ ಮೈಮೇಲೆ ಕಂಡೇ ಇರಲಿಲ್ಲ. ವೇದಿಕೆಯಲ್ಲಂತೂ, “ತೋಳು ಬೇಡ ಅಂತ ಮಾಸ್ಟರಿಗೆ ನಾನೇ ಹೇಳಿದ್ದು,” ಎಂದೇ ಭಾಷಣ ಶುರು ಮಾಡಿದರು! ಚಪ್ಪಾಳೆ! ಮಾತಿನ ನಡುವೆ ಜೇಬಿನಿಂದ ಕನ್ನಡಕದ ಚೀಲ ತೆಗೆದರು. ಕಾಲರ್ ಕೊನೆಗೂ ತನ್ನ ಕೋಟಿನ ಹತ್ತಿರ ಬಂದು ಸೇರಿತ್ತು.

ಮನೆಗೆ ಬಂದು ಕೂತೆವು. ಗಂಡಾಂತರ ಕಳೆದದ್ದೇ ತಡ, ನನ್ನ ಸಿಟ್ಟು ಮತ್ತೆ ಬಾಬಿನ್ನಿಗೆ ದಾರ ತುಂಬಿಕೊಂಡು ಸಿದ್ಧವಾಯಿತು.

“ಎಲ್ಲ ಸುಖವಾಗಿ ಮುಗೀತು, ಸಂತೋಷ. ಆದ್ರೆ ತಪ್ಪು ಯಾರದು ಅಂತ ಒಂದು ಸಲ ತೀರ್ಮಾನ ಆಗ್ಲೇಬೇಕು!” ಅಂದೆ. “ಫೋನಲ್ಲಿ ಮೂರಕ್ಷರ ನುಂಗಿದ್ದು ಇವರು. ಒಂದು ಚೀಟಿ, ಒಂದು ಗುರುತು, ಒಂದೇ ಒಂದು ಅಕ್ಷರ ಎಲ್ಲಾದ್ರೂ ಬರೆದಿತ್ತಾ? ಬರೆದಿದ್ರೆ ನಾನು ಓದ್ತಿರಲಿಲ್ವಾ?”

ಮಾವ ಎದ್ದು ಅಡುಗೆಮನೆಗೆ ಹೋದರು. ಒಲೆಯ ಪಕ್ಕದಲ್ಲಿದ್ದ ಬೂದುನೀಲಿ ಮಸಿಬಟ್ಟೆ ತಂದು, ಸಣ್ಣ ಕತ್ತರಿಯಿಂದ ಹೊಲಿಗೆ ಬಿಚ್ಚಿ, ಒಳಗಿನ ಮುಖವನ್ನು ಮೇಲೆ ಮಾಡಿ ನನ್ನ ಮುಂದಿಟ್ಟರು. ಇರುವೆ ಸಾಲಿನ ಗೀಚು. ಬಗ್ಗಿ ನೋಡಿದೆ. ಒಂದಕ್ಷರದ ಮೂಗೂ ಮುರಿದಿರಲಿಲ್ಲ, ಬಾಲವೂ ಅಳಿದಿರಲಿಲ್ಲ.

‘ಪ್ರಿನ್ಸಿಪಾಲರ ಕೋಟು. ಬಲತೋಳು. ಕತ್ತರಿ ತಾಗಿಸಬೇಡಿ.’

ಗಂಡ ಗಹಗಹಿಸಿ ನಕ್ಕರು. “ಓದೇ, ಓದು! ಜೋರಾಗಿ ಓದು!”

“ಸುಮ್ನಿರೋ,” ಎಂದು ಮಾವ ಮಗನನ್ನು ಗದರಿದರು. ಆಮೇಲೆ ನನ್ನ ಕಡೆ ತಿರುಗಿ, ತಮ್ಮದೇ ತಪ್ಪೆಂಬಂತೆ ಮೆಲ್ಲಗೆ ಹೇಳಿದರು:

“ನಿನ್ನದೇನು ತಪ್ಪು ಮಗಳೇ? ಬಟ್ಟೆ ಮೇಲೆ ಬರೆದದ್ದು ನಾನು. ಕಲ್ಲಿನ ಮೇಲೆ ಬರೀಬೇಕಿತ್ತು.”